ಸೂಜಿಚಿಕಿತ್ಸೆಯೂ ಶುಚಿತ್ವವೂ

 

ಕಾಯಕಕ್ಕೆ ಹಿರಿಮೆಯನ್ನು ತಂದುಕೊಟ್ಟ ಶರಣರ ಸಮೂಹದಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಹೆಸರೊಂದುಂಟು. ವೈದ್ಯ ಸಂಗಣ್ಣನೆಂಬ ಹೆಸರೂ ಉಂಟು. ಒಬ್ಬನು ಬಟ್ಟೆಯ ಹರಕನ್ನು ಸೂಜಿಯಿಂದ ಕೂಡಿಸಿದವನು. ಮತ್ತೊಬ್ಬನು ದೇಹದ ಬಾಧೆಯನ್ನು ಔಷಧದಿಂದ ಕಳೆದವನು. ಈ ಎರಡು ಕಾಯಕಗಳೂ ಒಂದೇ ಕೈಯಲ್ಲಿ ಕೂಡಿಬಂದರೆ ಅದು ಸೂಜಿಚಿಕಿತ್ಸೆಯಾಗುವುದು. ಅಕ್ಯುಪಂಕ್ಚರ್ ಎಂದು ಜನರು ಕರೆಯುವ ಈ ಚಿಕಿತ್ಸೆಯು ಇಂದು ಮೈಸೂರು ನಗರದಲ್ಲಿಯೂ ಪರಿಚಿತವಾಗಿರುವುದು. ಮೊಣಕಾಲಿನ ನೋವು, ಸೊಂಟದ ನೋವು, ತಲೆಶೂಲೆ ಮುಂತಾದುವುಗಳಿಗಾಗಿ ಬಹು ಮಂದಿ ಇದನ್ನು ಆಶ್ರಯಿಸುವರು. ಈ ಚಿಕಿತ್ಸೆಯಿಂದ ಯಾವ ಯಾವ ರೋಗವು ಎಷ್ಟೆಷ್ಟು ಗುಣವಾಗುವುದೆಂಬ ವಿಚಾರವನ್ನು ಆ ಶಾಸ್ತ್ರವನ್ನು ಬಲ್ಲವರಿಗೆ ಬಿಟ್ಟು, ಅದಕ್ಕಿಂತಲೂ ಮುಂಚೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗುವುದು. ಚರ್ಮವನ್ನು ಭೇದಿಸಿ ಒಳಹೋಗುವ ಸೂಜಿಯು ತನ್ನೊಡನೆ ಏನನ್ನು ಒಳಗೆ ಕೊಂಡೊಯ್ಯುವುದು? ಇದೇ ಆ ಪ್ರಶ್ನೆ.

ಚರ್ಮವು ಈ ದೇಹಕ್ಕೆ ಕೋಟೆಯಿದ್ದಂತೆ. ಹೊರಗಿನ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಅದರ ಮೇಲೆ ನೆಲೆಸಿದ್ದರೂ ಒಳಕ್ಕೆ ನುಗ್ಗಲಾರವು. ಸೂಜಿಯ ಮೊನೆಯು ಆ ಕೋಟೆಯಲ್ಲಿ ಒಂದು ದಿಡ್ಡಿಬಾಗಿಲನ್ನು ತೆರೆಯುತ್ತದೆ. ಬಾಗಿಲು ಎಷ್ಟೇ ಕಿರಿದಾಗಿದ್ದರೂ ಕಣ್ಣಿಗೆ ಕಾಣದ ಶತ್ರುವಿಗೆ ಅದು ಮಹಾದ್ವಾರವೇ ಸರಿ. ಆದುದರಿಂದ ಸೂಜಿಯನ್ನು ಕೈಯಲ್ಲಿ ಹಿಡಿದವನ ಹೊಣೆಯು ಮಾತ್ರೆಯನ್ನು ಕೊಡುವವನ ಹೊಣೆಗಿಂತ ಒಂದು ವಿಧದಲ್ಲಿ ಹೆಚ್ಚಿನದು. ಈ ಮಾತಿನ ನಿಜವನ್ನು ಮನುಷ್ಯಕುಲವು ಬಹಳ ಬೆಲೆಯನ್ನು ತೆತ್ತು ಕಲಿತಿರುವುದು. ಆ ಕಲಿಕೆಯ ಕೆಲವು ಅಧ್ಯಾಯಗಳು ಮೈಸೂರಿನಲ್ಲಿಯೇ ನಡೆದುವು.

ಇಂಗ್ಲೆಂಡಿನ ವೈದ್ಯನಾದ ಎಡ್ವರ್ಡ್ ಜೆನ್ನರನು ೧೭೯೬ರಲ್ಲಿ ಸಿಡುಬಿಗೆ ದಾಕು ಹಾಕುವ ವಿಧಾನವನ್ನು ಕಂಡುಹಿಡಿದನು. ೧೮೦೨ರಲ್ಲಿ ಅದು ಮುಂಬಯಿಗೆ ಬಂದು, ಅಲ್ಲಿಂದ ಇತರ ಪ್ರಾಂತಗಳಿಗೆ ಹರಡಿತು. ಹೊಸ ವಿಧಾನಕ್ಕೆ ಜನರು ಅಂಜುತ್ತಿದ್ದ ಆ ದಿನಗಳಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯವರಾದ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡರು. ಇದರಿಂದ ಪ್ರಜೆಗಳಿಗೂ ಧೈರ್ಯ ಬಂದಿತೆಂದು ೧೮೦೬ರ ಒಂದು ದಾಖಲೆಯು ಹೇಳುವುದು. ಥಾಮಸ್ ಹಿಕ್ಕಿಯೆಂಬ ಚಿತ್ರಕಾರನು ಮೂವರು ಸ್ತ್ರೀಯರನ್ನು ಚಿತ್ರಿಸಿದ ಪಟವೊಂದುಂಟು. ಅದು ಈ ಪ್ರಸಂಗಕ್ಕೆ ಸಂಬಂಧಿಸಿದ ಮೈಸೂರು ಅರಮನೆಯ ರಾಣಿಯರ ಪಟವೇ ಎಂದು ಇತಿಹಾಸಕಾರರಾದ ನೈಜೆಲ್ ಚಾನ್ಸಲರ್ ಅವರು ಅಭಿಪ್ರಾಯಪಟ್ಟಿರುವರು. ಅಂತಃಪುರದ ಗೌರವಸ್ಥ ಸ್ತ್ರೀಯರು ತೋಳನ್ನು ಮುಂದೆ ಚಾಚಿದುದು ಆ ಕಾಲಕ್ಕೆ ಸಾಮಾನ್ಯವಾದ ಸಾಹಸವೇನೂ ಆಗಿರಲಿಲ್ಲ.

ಆದರೆ ಆ ಉಪಕಾರದ ಹಿಂದೆಯೇ ಒಂದು ಅಪಾಯವು ನೆರಳಿನಂತೆ ನಡೆದುಬಂದಿತು. ಆಗ ದಾಕಿನ ರಸವನ್ನು ಕಾದಿಡುವ ಉಪಾಯವಿರಲಿಲ್ಲ. ಆದುದರಿಂದ ಒಬ್ಬರ ತೋಳಿನ ಬೊಕ್ಕೆಯಿಂದ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತ, ತೋಳಿಂದ ತೋಳಿಗೆ ಸಾಗಿಸುವುದೇ ರೂಢಿಯಾಗಿತ್ತು. ರಸದೊಡನೆ ಮೊದಲನೆಯವರ ರಕ್ತದಲ್ಲಿ ಅಡಗಿದ್ದ ರೋಗವೂ ಎರಡನೆಯವರಿಗೆ ದಾಟಬಹುದೆಂಬುದು ಕಾಲಕ್ರಮದಲ್ಲಿ ಗೊತ್ತಾಯಿತು. ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ ೧೮೮೩ರಲ್ಲಿ ಹಡಗು ಕಟ್ಟುವ ಕಾರ್ಖಾನೆಯ ೧,೨೮೯ ಮಂದಿ ಕೆಲಸಗಾರರಿಗೆ ಮನುಷ್ಯರಿಂದ ತೆಗೆದ ರಸದಿಂದ ದಾಕು ಹಾಕಿದರು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ ೧೯೧ ಮಂದಿಗೆ ಕಾಮಾಲೆಯು ಬಂದಿತು. ಬೇರೆ ರಸದಿಂದ ದಾಕು ಹಾಕಿಸಿಕೊಂಡವರಿಗೆ ಅದು ಬರಲಿಲ್ಲ. ರಕ್ತದ ಮೂಲಕ ಹರಡುವ ಕಾಮಾಲೆಯ ವಿಷಯದಲ್ಲಿ ಜಗತ್ತಿಗೆ ದೊರೆತ ಮೊದಲನೆಯ ಸ್ಪಷ್ಟ ಸಾಕ್ಷ್ಯವಿದು. ಪ್ರಾಣವನ್ನು ಉಳಿಸಬೇಕೆಂಬ ಸದುದ್ದೇಶದಿಂದ ಮಾಡಿದ ಕಾರ್ಯವೇ ರೋಗವನ್ನು ಹಂಚಿದ ಪರಿಯನ್ನು ಇಲ್ಲಿ ಕಾಣಬಹುದು.

ಮೈಸೂರಿನ ಹಿರಿಯರು ಮನೆಮನೆಗಳಲ್ಲಿ ಬಹುಕಾಲ ನೆನೆಯುತ್ತಿದ್ದ ಇನ್ನೊಂದು ವಿಪತ್ತು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ತೋರಿದ ಆ ಮಾರಿಯು ೧೮೯೮ರಲ್ಲಿ ಮೈಸೂರು ಸೀಮೆಯನ್ನು ಹೊಕ್ಕಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡು ಬಾಳಿದರು. ಗಾಳಿಬೆಳಕಿಲ್ಲದ ಇಕ್ಕಟ್ಟಾದ ಕೇರಿಗಳೇ ರೋಗದ ತವರೆಂಬುದನ್ನು ಮನಗಂಡು, ೧೯೦೩ರಲ್ಲಿ ಮೈಸೂರು ನಗರಾಭಿವೃದ್ಧಿಗೆಂದು ಒಂದು ವಿಶ್ವಸ್ತ ಮಂಡಲಿಯನ್ನು ಏರ್ಪಡಿಸಿದರು. ಇಂದು ನಗರಕ್ಕೆ ಶೋಭೆಯಾಗಿರುವ ಅಗಲವಾದ ಬೀದಿಗಳಿಗೂ ಹಳೆಯ ಬಡಾವಣೆಗಳಿಗೂ ಆ ಕಾಲದ ಭೀತಿಯಿಂದ ಹುಟ್ಟಿದ ವಿವೇಕವೂ ಒಂದು ಕಾರಣ.

ಪ್ಲೇಗಿಗೆ ಚುಚ್ಚುಮದ್ದನ್ನು ಸಿದ್ಧಪಡಿಸಿದವರು ಮುಂಬಯಿಯಲ್ಲಿದ್ದ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿದ್ವಾಂಸರು. ೧೮೯೭ರ ಜನವರಿಯಲ್ಲಿ ಅವರು ಆ ಮದ್ದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಲಕ್ಷಾಂತರ ಜನರು ಅದನ್ನು ಪಡೆದರು. ಆದರೆ ೧೯೦೨ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದನ್ನು ಚುಚ್ಚಿಸಿಕೊಂಡ ೧೯ ಮಂದಿ ಧನುರ್ವಾಯುವಿನಿಂದ ಮೃತರಾದರು. ಅಪವಾದವು ಹಾಫ್ಕಿನ್ನರ ಮೇಲೆ ಬಂದಿತು. ಸೀಸೆಯ ಬಿರಡೆಯನ್ನು ತೆಗೆಯುವ ಚಿಮಟವು ಹಳ್ಳಿಯಲ್ಲಿ ನೆಲಕ್ಕೆ ಬಿದ್ದುದೂ, ಅದನ್ನು ತಕ್ಕಂತೆ ಶುದ್ಧಿಗೊಳಿಸದೆ ಬಳಸಿದುದೂ ವಿಚಾರಣೆಯಿಂದ ಹೊರಬಿದ್ದು, ಹಲವು ವಿಜ್ಞಾನಿಗಳ ಬೆಂಬಲದಿಂದ ೧೯೦೭ರಲ್ಲಿ ಅವರು ಅಪವಾದದಿಂದ ಮುಕ್ತರಾದರು. ಮಣ್ಣಿಗೆ ತಾಗಿದ ಒಂದು ಚಿಮಟವು ೧೯ ಜೀವಗಳ ಅಳಿವಿಗೂ, ಒಬ್ಬ ಉಪಕಾರಿಯ ಕೀರ್ತಿಭಂಗಕ್ಕೂ ಸಾಕಾಯಿತು. ಮದ್ದು ಶ್ರೇಷ್ಠವಾಗಿದ್ದರೆ ಸಾಲದು. ಮದ್ದನ್ನು ಮುಟ್ಟುವ ಪ್ರತಿಯೊಂದು ಸಾಧನವೂ ಶುಚಿಯಾಗಿರಬೇಕೆಂಬ ಪಾಠವು ಹೀಗೆ ಲೋಕಕ್ಕೆ ದೊರೆಯಿತು.

ಪಾಠವನ್ನು ಕಲಿತುದರ ಫಲವನ್ನೂ ನೋಡಬೇಕು. ಸಿಡುಬಿನ ನಿರ್ಮೂಲನಕ್ಕಾಗಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ನಡೆದ ಮಹಾಪ್ರಯತ್ನದಲ್ಲಿ ತುದಿಯು ಕವಲಾಗಿದ್ದ ಒಂದು ಸಣ್ಣ ಸೂಜಿಯನ್ನು ಬಳಸುತ್ತಿದ್ದರು. ಒಬ್ಬರಿಗೆ ಬಳಸಿದ ಸೂಜಿಯನ್ನು ಬೇರೆಯಾಗಿ ತೆಗೆದಿಟ್ಟು, ಕುದಿಸಿ ಅಥವಾ ಬೆಂಕಿಯಲ್ಲಿ ಕಾಯಿಸಿ ಶುದ್ಧಿಗೊಳಿಸಿದ ಮೇಲೆಯೇ ಇನ್ನೊಬ್ಬರಿಗೆ ಬಳಸತಕ್ಕದ್ದೆಂದು ಕಟ್ಟಳೆಯಿತ್ತು. ದಾಕು ಹಾಕುತ್ತಿದ್ದ ಊರೂರಿನ ಸಿಬ್ಬಂದಿಗೆ ಈ ಕ್ರಮವನ್ನು ಕಲಿಸಿದರು. ೧೯೭೫ರಲ್ಲಿ ಭಾರತದ ಕಡೆಯ ಸಿಡುಬಿನ ರೋಗಿಯು ಕಂಡುಬಂದುದಾಯಿತು. ೧೯೮೦ರಲ್ಲಿ ಆ ರೋಗವು ಭೂಮಂಡಲದಿಂದಲೇ ತೊಲಗಿತೆಂದು ಸಾರಿದರು. ದೊಡ್ಡ ಗೆಲುವಿನೊಳಗೆ ಅಡಗಿರುವ ಚಿಕ್ಕ ಚಿಕ್ಕ ನಿಯಮಗಳು ಎಂಥವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇನ್ನು ಸೂಜಿಚಿಕಿತ್ಸೆಯ ವಿಚಾರ. ಈ ವಿದ್ಯೆಯು ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬೆಳೆದುಬಂದುದು. ೧೯೩೮ರಲ್ಲಿ ಭಾರತದಿಂದ ಚೀನಾಕ್ಕೆ ತೆರಳಿದ ವೈದ್ಯರ ತಂಡದಲ್ಲಿ, ಕನ್ನಡ ಮಾತನಾಡುವ ಜನರು ಬಹಳವಾಗಿರುವ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸರಿದ್ದರು. ಅವರು ೧೯೪೨ರಲ್ಲಿ ಅಲ್ಲಿಯೇ ದೇಹವಿಟ್ಟರು. ಅದೇ ತಂಡದಲ್ಲಿದ್ದ ಬಿಜಯಕುಮಾರ ಬಸು ಅವರು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು, ೧೯೫೯ರ ಸುಮಾರಿಗೆ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ೨೦೧೯ರಲ್ಲಿ ಭಾರತ ಸರ್ಕಾರವು ಇದನ್ನು ಒಂದು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಅಂಗೀಕರಿಸಿತು. ಪ್ರಕೃತಿಚಿಕಿತ್ಸೆ ಮತ್ತು ಯೋಗಶಾಸ್ತ್ರದ ಪದವಿಯ ಪಠ್ಯಕ್ರಮದಲ್ಲಿಯೂ ಇದಕ್ಕೆ ಸ್ಥಾನವುಂಟು; ಆ ಪದವಿಯನ್ನು ಬೋಧಿಸುವ ಸರ್ಕಾರಿ ಮಹಾವಿದ್ಯಾಲಯವು ಮೈಸೂರಿನಲ್ಲಿಯೇ ಇರುವುದು. ಹೀಗೆ ಒಂದು ವಿದ್ಯೆಯು ಮನ್ನಣೆಯನ್ನು ಪಡೆದು ಜನರಲ್ಲಿ ಹರಡುತ್ತಿರುವಾಗಲೇ ಅದರ ಶುಚಿತ್ವದ ಕಟ್ಟಳೆಗಳೂ ಜನರಲ್ಲಿ ಹರಡಬೇಕು.

ಸೂಜಿಯ ಮೂಲಕ ದಾಟಬಲ್ಲ ರೋಗಗಳಲ್ಲಿ ಎರಡು ಬಗೆಯುಂಟು. ಮೊದಲನೆಯದು ರಕ್ತದಿಂದ ರಕ್ತಕ್ಕೆ ಬರುವ ಬಗೆ. ಯಕೃತ್ತನ್ನು ಹಿಡಿಯುವ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಎಂಬ ಕಾಮಾಲೆಗಳೂ, ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿಯೂ ಈ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ಹೆಪಟೈಟಿಸ್ ಬಿ ಎಂಬುದು ಬಹಳ ಬಲಿಷ್ಠವಾದುದು. ಒಣಗಿದ ರಕ್ತದಲ್ಲಿಯೂ ಅದರ ವೈರಸ್ಸು ಏಳು ದಿನಗಳವರೆಗಾದರೂ ಜೀವ ಹಿಡಿದಿರಬಲ್ಲದು. ಆಸ್ಪತ್ರೆಯ ಕೆಲಸಗಾರರಿಗೆ ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿದ ಪ್ರಸಂಗಗಳನ್ನು ಪರಿಶೀಲಿಸಿ ತಜ್ಞರು ಕಂಡುಕೊಂಡಿರುವುದೇನೆಂದರೆ, ಎಚ್‌ಐವಿಯು ಸಾವಿರಕ್ಕೆ ಸುಮಾರು ಮೂವರಿಗೆ ಅಂಟಿದರೆ, ಲಸಿಕೆಯಿಲ್ಲದವರಲ್ಲಿ ಹೆಪಟೈಟಿಸ್ ಬಿ ನೂರಕ್ಕೆ ೬ರಿಂದ ೩೦ ಮಂದಿಗೆ ಅಂಟಬಹುದು. ಇಂಜೆಕ್ಷನ್ನಿನ ಸೂಜಿಯು ಟೊಳ್ಳಾಗಿದ್ದು ರಕ್ತವನ್ನು ಒಳಗೆ ತುಂಬಿಕೊಳ್ಳುವುದು; ಅಕ್ಯುಪಂಕ್ಚರಿನ ಸೂಜಿಯಾದರೋ ಗಟ್ಟಿಯಾದ ಸಣ್ಣ ತಂತಿ. ಆದುದರಿಂದ ಅದರಲ್ಲಿ ಅಪಾಯವು ಕಡಮೆಯೆಂಬುದು ನಿಜ. ಆದರೆ ಕಡಮೆಯೆಂಬುದನ್ನು ಇಲ್ಲವೆಂದು ತಿಳಿಯುವುದು ತಪ್ಪು. ಕಣ್ಣಿಗೆ ಕಾಣದಷ್ಟು ರಕ್ತವೂ ಹೆಪಟೈಟಿಸ್ ಬಿ ಹರಡಲು ಸಾಕು.

ಈ ರೋಗಗಳ ಕೇಡು ಇನ್ನೂ ಒಂದುಂಟು. ಇವು ಬಂದ ದಿನವೇ ತೋರಿಕೊಳ್ಳುವುದಿಲ್ಲ. ವಿಷಾಹಾರವನ್ನು ಉಂಡವನಿಗೆ ಅದೇ ರಾತ್ರಿ ತಿಳಿಯುವುದು. ಅಶುಚಿಯಾದ ಸೂಜಿಯನ್ನು ಚುಚ್ಚಿಸಿಕೊಂಡವನಿಗೆ ತಿಂಗಳುಗಳ ಮೇಲೆ, ಕೆಲವೊಮ್ಮೆ ದಶಕಗಳ ಮೇಲೆ ಯಕೃತ್ತು ಕೆಟ್ಟಾಗ ತಿಳಿಯುವುದು. ಆ ವೇಳೆಗೆ ಯಾವ ಊರಿನಲ್ಲಿ, ಯಾರ ಕೈಯಲ್ಲಿ, ಯಾವ ಸೂಜಿಯಿಂದ ಬಂದಿತೆಂಬುದನ್ನು ಹೇಳುವವರಾರು? ಚಿಕಿತ್ಸಕನಿಗೂ ತನ್ನ ಕೈಯಿಂದ ನಡೆದ ಅನರ್ಥವು ಎಂದೆಂದಿಗೂ ತಿಳಿಯದೆ ಹೋಗಬಹುದು. “ಇಷ್ಟು ವರ್ಷಗಳಲ್ಲಿ ಯಾರಿಗೂ ಏನೂ ಆಗಿಲ್ಲ” ಎಂಬ ಸಮಾಧಾನವು ಆದುದರಿಂದಲೇ ನಂಬತಕ್ಕುದಲ್ಲ.

ಎರಡನೆಯ ಬಗೆಯ ರೋಗಗಳು ಚರ್ಮದ ಮೇಲಿನ, ಕೈಯ ಮೇಲಿನ, ನೀರಿನಲ್ಲಿನ ಬ್ಯಾಕ್ಟೀರಿಯಗಳಿಂದ ಬರತಕ್ಕುವು. ಚುಚ್ಚಿದೆಡೆಯಲ್ಲಿ ಬಾವು, ಕೀವು, ಕುರು ಮುಂತಾದುವು ಏಳುವುವು. ಅಪರೂಪವಾಗಿ ಸೋಂಕು ಕೀಲಿಗೋ ರಕ್ತಕ್ಕೋ ಇಳಿದು ಪ್ರಾಣಾಪಾಯವನ್ನು ತರುವುದು. ಸಿಹಿಮೂತ್ರದ ರೋಗಿಗಳಿಗೂ, ಮುಪ್ಪಿನವರಿಗೂ, ದೇಹಬಲವನ್ನು ಕುಗ್ಗಿಸುವ ಔಷಧಗಳನ್ನು ಸೇವಿಸುವವರಿಗೂ ಈ ಭಯವು ಹೆಚ್ಚು. ಮೊಣಕಾಲಿನ ನೋವಿಗೆಂದು ಚಿಕಿತ್ಸೆಗೆ ಬರುವವರಲ್ಲಿ ಇಂಥವರೇ ಬಹುಮಂದಿ ಇರುವರೆಂಬುದನ್ನು ಮರೆಯಕೂಡದು.

ಇದು ಕೇವಲ ಊಹೆಯ ಮಾತೆಂದು ಯಾರೂ ತಿಳಿಯಬಾರದು. ೧೯೭೭ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರಾಂತದಲ್ಲಿ ಒಬ್ಬ ಸೂಜಿಚಿಕಿತ್ಸಕನ ಬಳಿಗೆ ಹೋದವರಲ್ಲಿ ೩೬ ಮಂದಿಗೆ ಹೆಪಟೈಟಿಸ್ ಬಿ ತಗುಲಿತು. ೧೯೮೪ರಲ್ಲಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ ಇನ್ನೊಂದು ಚಿಕಿತ್ಸಾಲಯದಿಂದ ೩೫ ಮಂದಿಗೆ ಅದೇ ರೋಗವು ಬಂದಿತು. ದಕ್ಷಿಣ ಕೊರಿಯದಲ್ಲಿ ಈ ಶತಮಾನದ ಆದಿಯಲ್ಲಿ, ಕ್ಷಯದ ಕ್ರಿಮಿಗೆ ದೂರದ ನಂಟಾದ ಒಂದು ಬ್ಯಾಕ್ಟೀರಿಯವು ಸೂಜಿ ಚುಚ್ಚಿದ ಎಡೆಗಳಲ್ಲಿ ಹುಣ್ಣುಗಳನ್ನು ಎಬ್ಬಿಸಿತು. ಶುದ್ಧಿಗೊಳಿಸಲೆಂದು ಇಟ್ಟಿದ್ದ ದ್ರವಕ್ಕೆ ಅಳತೆ ಮೀರಿ ನೀರನ್ನು ಬೆರೆಸಿದ್ದುದರಿಂದ ಆ ದ್ರವದಲ್ಲಿಯೇ ಕ್ರಿಮಿಯು ಬದುಕಿದ್ದಿತು. ಈ ದೇಶದಲ್ಲಿಯೂ ೨೦೦೯ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಇಂಜೆಕ್ಷನ್ ಸಿರಿಂಜುಗಳನ್ನು ಮತ್ತೆ ಮತ್ತೆ ಬಳಸಿದುದರಿಂದ ಹೆಪಟೈಟಿಸ್ ಬಿ ಹಬ್ಬಿ ಅನೇಕರು ಅಸುನೀಗಿದರು. ಈ ಎಲ್ಲ ಪ್ರಸಂಗಗಳಲ್ಲಿಯೂ ಮೂಲಕಾರಣವು ಒಂದೇ: ಶುಚಿತ್ವದ ಯಾವುದೋ ಒಂದು ಮೆಟ್ಟಿಲನ್ನು ಹಾರಿದುದು.

ಹಾಗಾದರೆ ಶುಚಿತ್ವದ ಮೆಟ್ಟಿಲುಗಳಾವುವು? ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಸೂಜಿಚಿಕಿತ್ಸೆಯ ಶಿಕ್ಷಣಕ್ಕೂ ಸುರಕ್ಷತೆಗೂ ಸಂಬಂಧಿಸಿದ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರ ಸಾರವನ್ನೂ ಇಂದಿನ ರೂಢಿಯನ್ನೂ ಕೂಡಿಸಿ ಹೇಳುವುದಾದರೆ ಐದು ಮೆಟ್ಟಿಲುಗಳಾಗುವುವು.

ಒಂದನೆಯದು ಕೈ. ಒಬ್ಬ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನು ಮತ್ತು ಹರಿಯುವ ನೀರಿನಿಂದ ಕೈಗಳನ್ನು ತೊಳೆಯತಕ್ಕದ್ದು, ಇಲ್ಲವೆ ಆಲ್ಕೋಹಾಲಿನ ದ್ರವದಿಂದ ಉಜ್ಜಿಕೊಳ್ಳತಕ್ಕದ್ದು. ಉಗುರುಗಳನ್ನು ಮೋಟಾಗಿ ಕತ್ತರಿಸಿರಬೇಕು. ಕೈಯಲ್ಲಿ ಗಾಯವಿದ್ದರೆ ಅದನ್ನು ಮುಚ್ಚಿರಬೇಕು. ಬೋಗುಣಿಯಲ್ಲಿ ನಿಂತ ನೀರಿನಲ್ಲಿ ಬೆರಳದ್ದಿ ಎಲ್ಲರೂ ಒಂದೇ ಟವಲಿಗೆ ಒರಸಿಕೊಳ್ಳುವುದು ಕೈ ತೊಳೆದಂತಾಗುವುದಿಲ್ಲ.

ಎರಡನೆಯದು ಸೂಜಿ. ಕಾರ್ಖಾನೆಯಲ್ಲಿಯೇ ಶುದ್ಧಿಗೊಳಿಸಿ ಮುದ್ರೆಹಾಕಿದ, ಒಂದೇ ಸಲ ಬಳಸತಕ್ಕ ಸೂಜಿಯೇ ಉತ್ತಮ. ಪೊಟ್ಟಣದ ಮೇಲಿನ ಅವಧಿಯ ದಿನಾಂಕವನ್ನು ನೋಡಿ, ಹರಿದಿಲ್ಲವೆಂದು ಖಚಿತಪಡಿಸಿಕೊಂಡು, ರೋಗಿಯ ಎದುರಿನಲ್ಲಿಯೇ ಬಿಚ್ಚಬೇಕು. ದೇಹದ ಒಳಹೋಗುವ ಭಾಗವನ್ನು ಬೆರಳಿನಿಂದ ಮುಟ್ಟಕೂಡದು. ಒಬ್ಬ ರೋಗಿಯದೆಂದು ಹೆಸರು ಬರೆದಿಟ್ಟು ಅದೇ ಸೂಜಿಗಳನ್ನು ಅವನಿಗೇ ಮತ್ತೆ ಬಳಸುವ ಮಿತವ್ಯಯವೂ ಸಲ್ಲದು. ಚೀಟಿ ಬದಲಾಗುವುದಕ್ಕೆ ಒಂದು ಕ್ಷಣ ಸಾಕು.

ಸೂಜಿಯನ್ನು ಸ್ಪಿರಿಟ್ಟಿನಿಂದ ಒರಸಿದರೆ ಸಾಲದೆ, ಕುದಿಸಿದರೆ ಸಾಲದೆ ಎಂದು ಕೇಳುವವರುಂಟು. ಒರಸುವುದರಿಂದ ಸೂಜಿಯು ಹೊಳೆಯುವುದೇ ಹೊರತು ಶುದ್ಧವಾಗದು. ಕುದಿಯುವ ನೀರು ಬಹುತೇಕ ಕ್ರಿಮಿಗಳನ್ನು ಕೊಲ್ಲುವುದಾದರೂ ಧನುರ್ವಾಯುವಿನಂಥ ರೋಗಗಳ ಬೀಜಾಣುಗಳನ್ನು ಕೊಲ್ಲಲಾರದು. ಅಲ್ಲದೆ ಮೈಸೂರು ನಗರವು ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿಗಳಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೧೦೦ ಡಿಗ್ರಿಯವರೆಗೂ ಕಾಯದೆ ೯೭ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದು. ಬೀಜಾಣುಗಳನ್ನು ಅಳಿಸಬೇಕಾದರೆ ಆಟೋಕ್ಲೇವ್ ಎಂಬ ಬಿಗಿಮುಚ್ಚಳದ ಯಂತ್ರದಲ್ಲಿ, ಚದರಂಗುಲಕ್ಕೆ ೧೫ ಪೌಂಡಿನ ಒತ್ತಡದ ಹಬೆಯಲ್ಲಿ, ೧೨೧ ಡಿಗ್ರಿಯ ಶಾಖವನ್ನು ಕನಿಷ್ಠ ೧೫ ನಿಮಿಷಗಳಾದರೂ ಕೊಡಬೇಕು. ಪೊಟ್ಟಣಗಳಲ್ಲಿ ಸುತ್ತಿಟ್ಟ ಸಾಮಾನುಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ರಕ್ತ ತೆಗೆಯಲು ಬಳಸಿದ ಬಟ್ಟಲು, ಚಿಮಟ, ತಟ್ಟೆ ಮುಂತಾದುವುಗಳಿಗೆ ಈ ಕ್ರಮವೇ ತಕ್ಕುದು. ಮೊದಲು ಉಜ್ಜಿ ತೊಳೆಯದೆ ಹಬೆಗಿಟ್ಟರೆ ಮೆತ್ತಿದ ಕೊಳೆಯ ಕೆಳಗೆ ಕ್ರಿಮಿಯು ಅಡಗಿ ಉಳಿಯಬಹುದು.

ಮೂರನೆಯದು ರೋಗಿಯ ಚರ್ಮ ಮತ್ತು ಮಂಚ. ಚುಚ್ಚುವ ಎಡೆಯು ನೋಟಕ್ಕೆ ಶುಚಿಯಾಗಿರಬೇಕು. ನೂರಕ್ಕೆ ೭೦ರಷ್ಟು ಆಲ್ಕೋಹಾಲಿರುವ ದ್ರವದಿಂದ ಒರಸಿ, ಅದು ತಾನಾಗಿಯೇ ಆರುವವರೆಗೆ ಕಾಯಬೇಕು. ಹುಣ್ಣು, ಕಜ್ಜಿ, ಬಾವುಗಳಿರುವ ಎಡೆಯಲ್ಲಿ ಚುಚ್ಚಲೇಕೂಡದು. ಬಟ್ಟೆಯ ಮೇಲಿಂದ ಚುಚ್ಚುವುದೂ ನಿಷಿದ್ಧ. ಒಬ್ಬರು ಮಲಗಿದ ಹೊದಿಕೆಯ ಮೇಲೆ ಇನ್ನೊಬ್ಬರನ್ನು ಮಲಗಿಸದೆ ಕಾಗದವನ್ನಾಗಲಿ ಬಟ್ಟೆಯನ್ನಾಗಲಿ ಬದಲಿಸಬೇಕು. ಕಿವಿಯ ಮೃದ್ವಸ್ಥಿಯಲ್ಲಿ ದಿನಗಟ್ಟಲೆ ಬಿಟ್ಟಿಡುವ ಸಣ್ಣ ಮೊಳೆಸೂಜಿಗಳ ವಿಷಯದಲ್ಲಿ ವಿಶೇಷವಾದ ಜಾಗರೂಕತೆಯು ಬೇಕು. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು.

ನಾಲ್ಕನೆಯದು ವಿಸರ್ಜನೆ. ಎಷ್ಟು ಸೂಜಿಗಳನ್ನು ಚುಚ್ಚಿತೋ ಅಷ್ಟನ್ನೂ ಎಣಿಸಿ ತೆಗೆಯಬೇಕು. ತೆಗೆದೆಡೆಯಲ್ಲಿ ರಕ್ತದ ಹನಿ ಬಂದರೆ ಬರಿಬೆರಳಿನಿಂದ ಒತ್ತದೆ ಶುದ್ಧವಾದ ಹತ್ತಿಯಿಂದ ಒತ್ತಬೇಕು. ತೆಗೆದ ಸೂಜಿಯನ್ನು ತಟ್ಟೆಯಲ್ಲಿ ಗುಡ್ಡೆಹಾಕದೆ, ಕೂಡಲೆ ಚುಚ್ಚಿದರೂ ತೂತಾಗದ ಡಬ್ಬಿಯೊಳಗೆ ಹಾಕಬೇಕು. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳ ಪ್ರಕಾರ ಇಂಥ ಮೊನಚಾದ ವಸ್ತುಗಳಿಗೆ ಬಿಳಿಯ ಅರೆಪಾರದರ್ಶಕ ಡಬ್ಬಿಯೇ ಇರಬೇಕು. ಅದು ಮುಕ್ಕಾಲು ತುಂಬಿದ ಕೂಡಲೆ ಮುಚ್ಚಿ, ಅಧಿಕೃತವಾಗಿ ಕೊಂಡೊಯ್ಯುವವರಿಗೆ ಒಪ್ಪಿಸಬೇಕು. ಬೀದಿಯ ಕಸದೊಳಕ್ಕೆ ಎಸೆದ ಸೂಜಿಯು ಮೊದಲು ಚುಚ್ಚುವುದು ಪೌರಕಾರ್ಮಿಕರ ಬೆರಳನ್ನು. ಯಾರ ದುಡಿಮೆಯಿಂದ ಮೈಸೂರು ನಗರವು ಸ್ವಚ್ಛನಗರವೆಂಬ ಹೆಸರನ್ನು ಪಡೆಯಿತೋ ಅವರ ಮೈಗೇ ವಿಷವನ್ನು ಚುಚ್ಚುವುದು ಕೃತಘ್ನತೆಯಲ್ಲದೆ ಮತ್ತೇನು?

ಐದನೆಯದು ಚಿಕಿತ್ಸಕನ ಸ್ವಂತ ರಕ್ಷಣೆ. ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆಯುಂಟು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಬಾರಿ ಅದನ್ನು ಹಾಕಿಸಿಕೊಳ್ಳುವುದು ವಾಡಿಕೆ. ೨೦೧೧ರಿಂದೀಚೆಗೆ ದೇಶದಾದ್ಯಂತ ಶಿಶುಗಳಿಗೆ ಇದನ್ನು ಕೊಡುತ್ತಿರುವರು. ಅದಕ್ಕೆ ಮುಂಚೆ ಹುಟ್ಟಿದವರು ತಾವಾಗಿಯೇ ಕೇಳಿ ಪಡೆಯಬೇಕಾಗುವುದು. ಬಳಸಿದ ಸೂಜಿಯು ತನಗೇ ಚುಚ್ಚಿತಾದರೆ ಗಾಯವನ್ನು ಹಿಂಡದೆ, ಸಾಬೂನು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಎಚ್‌ಐವಿಯನ್ನು ತಡೆಯುವ ಔಷಧವನ್ನು ಆದಷ್ಟು ಬೇಗನೆ, ೭೨ ಗಂಟೆಗಳ ಒಳಗಾಗಿ ಆರಂಭಿಸಿ ೨೮ ದಿನಗಳು ಸೇವಿಸಬೇಕು. ನಾಚಿಕೆಯಿಂದ ಸುಮ್ಮನಿದ್ದವನಿಗೆ ಈ ಅವಕಾಶವು ಕೈತಪ್ಪುವುದು.

ಸೂಜಿಯ ವಿಚಾರವನ್ನು ಹೇಳುವಾಗ ಗಾಳಿಯ ವಿಚಾರವನ್ನು ಬಿಡಲಾಗದು. ಚಿಕಿತ್ಸಾಲಯದ ಮುಂಗೋಣೆಯಲ್ಲಿ ಹತ್ತಾರು ಮಂದಿ ಗಂಟೆಗಟ್ಟಲೆ ಒತ್ತಾಗಿ ಕುಳಿತಿರುವರು. ಕೆಮ್ಮಿನ ಮೂಲಕ ಹರಡುವ ಕ್ಷಯಕ್ಕೆ ಅದಕ್ಕಿಂತ ಒಳ್ಳೆಯ ಎಡೆಯುಂಟೆ? ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯವರಾದ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ೧೯೨೧ರಲ್ಲಿ ಆರಂಭವಾದ ಕ್ಷಯರೋಗದ ಆರೋಗ್ಯಧಾಮವು, ಆ ರೋಗವು ಅರಮನೆಯ ಬಾಗಿಲಲ್ಲಿಯೂ ನಿಲ್ಲದೆಂಬುದಕ್ಕೆ ಸಾಕ್ಷಿಯಾಗಿ ನಿಂತಿರುವುದು. ೨೦೨೦ರ ಕೊರೋನಾ ಕಾಲವು ಅದೇ ಪಾಠವನ್ನು ಇಡೀ ಲೋಕಕ್ಕೆ ಮತ್ತೆ ಒಪ್ಪಿಸಿತು. ಕಿಟಕಿಗಳನ್ನು ತೆರೆದಿಡುವುದು, ಎಡೆಬಿಟ್ಟು ಕೂರಿಸುವುದು, ಎರಡು ವಾರಗಳಿಗೆ ಮೀರಿ ಕೆಮ್ಮುವವರನ್ನು ಕಫಪರೀಕ್ಷೆಗೆ ಕಳುಹಿಸುವುದು, ಇವು ಖರ್ಚಿಲ್ಲದ ಉಪಾಯಗಳು.

ಕಡೆಯದಾಗಿ, ಮಠದ ಭಕ್ತರಿಗೆ ಹತ್ತಿರವಾದ ಮಾತು. ಜಾತ್ರೆಗಳಲ್ಲಿಯೂ ಜಯಂತಿಗಳಲ್ಲಿಯೂ ಉಚಿತ ಚಿಕಿತ್ಸಾ ಶಿಬಿರಗಳನ್ನು ನಡೆಸುವುದು ಈ ನಾಡಿನ ಮಠಗಳ ಶ್ಲಾಘ್ಯವಾದ ಸಂಪ್ರದಾಯ. ಅನ್ನದಾಸೋಹದಂತೆ ಇದೂ ಒಂದು ದಾಸೋಹವೇ. ಆದರೆ ಶಿಬಿರದ ನೂಕುನುಗ್ಗಲಿನಲ್ಲಿಯೇ ಶುಚಿತ್ವವು ಮೊದಲು ಸೋಲುವುದು. ತಂದ ಸೂಜಿಗಳು ಮುಗಿದುವು, ಸಾಲು ಮುಗಿದಿಲ್ಲ; ದೂರದ ಹಳ್ಳಿಯಿಂದ ಬಂದ ಮುದುಕಿಯನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆಂದು ಮನಸ್ಸು ಮರುಗುವುದು. ಆ ಮರುಕದ ಘಳಿಗೆಯೇ ಪರೀಕ್ಷೆಯ ಘಳಿಗೆ. ಅಡಿಗೆ ಮುಗಿದರೆ ಎಂಜಲೆಲೆಯಲ್ಲಿ ಬಡಿಸುವವರುಂಟೆ? ಇನ್ನೊಂದು ಹಂಡೆಯನ್ನು ಒಲೆಗೇರಿಸುವರು, ಇಲ್ಲವೆ ಕೈಮುಗಿದು ನಾಳೆ ಬರಹೇಳುವರು. ಸೂಜಿಯಲ್ಲಿಯೂ ಅದೇ ನ್ಯಾಯ. ನೂರು ಮಂದಿಗೆ ಸಾಲುವಷ್ಟು ಸೂಜಿಯಿದ್ದರೆ ನೂರು ಮಂದಿಗೆ ಮಾತ್ರ ಚಿಕಿತ್ಸೆ ನಡೆಯಲಿ. ನೂರಾ ಒಂದನೆಯವರಿಗೆ ಮುಂದಿನ ದಿನವನ್ನು ಗೊತ್ತುಮಾಡಿ ಚೀಟಿ ಕೊಡಲಿ. ಉಚಿತವೆಂಬ ಕಾರಣದಿಂದ ಶುಚಿಯಲ್ಲಿ ಕಡಮೆ ಮಾಡುವುದು ಬಡವರಿಗೆ ಮಾಡುವ ಅನ್ಯಾಯ. ರೋಗ ಅಂಟಿದರೆ ವರ್ಷಗಟ್ಟಲೆ ಔಷಧಕ್ಕೆ ಹಣವನ್ನು ಹೊಂದಿಸಲಾರದವರೂ ಅವರೇ.

ಜಾತ್ರೆಯಲ್ಲಿ ಬೇರೆ ಸೂಜಿಗಳೂ ಉಂಟು. ಒಂದೇ ಸೂಜಿಯಿಂದ, ಒಂದೇ ಬಣ್ಣದ ಬಟ್ಟಲಿನಿಂದ ಸಾಲುಸಾಲಾಗಿ ಹಚ್ಚೆ ಹಾಕುವರು. ಒಂದೇ ಮೊನೆಯಿಂದ ಹಲವು ಮಕ್ಕಳ ಕಿವಿ ಚುಚ್ಚುವರು. ಅಕ್ಯುಪಂಕ್ಚರಿನ ಸೂಜಿಗೆ ಹೇಳಿದ ಮಾತೆಲ್ಲವೂ ಇವಕ್ಕೂ ಸಲ್ಲುವುದು. ಶಿಬಿರದ ವ್ಯವಸ್ಥಾಪಕರು ಮಠದ ಆವರಣದಲ್ಲಿ ಇವುಗಳ ಮೇಲೆಯೂ ಕಣ್ಣಿಟ್ಟರೆ ಪುಣ್ಯದ ಕೆಲಸವಾಗುವುದು.

ಭಕ್ತರಲ್ಲಿ ಒಂದು ಸಂಕೋಚವುಂಟು. ಚಿಕಿತ್ಸೆ ಮಾಡುವವರು ಪೂಜ್ಯರು, ಹಿರಿಯರು, ಹಣವನ್ನೂ ತೆಗೆದುಕೊಳ್ಳದವರು, ಅಂಥವರನ್ನು “ಈ ಸೂಜಿ ಹೊಸದೆ?” ಎಂದು ಕೇಳುವುದು ಅವಿನಯವಾಗದೆ ಎಂದು ಹಿಂಜರಿಯುವರು. ಗುರುವಿನ ಮುಂದೆಯೇ ಸಂದೇಹವನ್ನು ಬಿಚ್ಚಿಡುವುದಕ್ಕೆ, ಅನುಭಾವದ ಗೋಷ್ಠಿಯಲ್ಲಿ ಹೆಣ್ಣು ಗಂಡೆನ್ನದೆ ಪ್ರಶ್ನೆ ಕೇಳುವುದಕ್ಕೆ ಎಡೆಕೊಟ್ಟ ಪರಂಪರೆಯವರಿಗೆ ಈ ಸಂಕೋಚವು ಒಪ್ಪುವುದಿಲ್ಲ. “ಅಯ್ಯಾ, ಪೊಟ್ಟಣವನ್ನು ಇಲ್ಲಿಯೇ ಬಿಚ್ಚುವಿರಾ? ತಾವು ಕೈ ತೊಳೆದಿರಾ?” ಎಂದು ವಿನಯದಿಂದ ಕೇಳಲು ಎಂಥ ಮುದುಕಿಗೂ ಅಧಿಕಾರವುಂಟು. ಶುಚಿಯನ್ನು ಪಾಲಿಸುವ ಚಿಕಿತ್ಸಕನು ಈ ಪ್ರಶ್ನೆಗೆ ನೋಯದೆ ಸಂತೋಷಪಡುವನು. ಏಕೆಂದರೆ ಅವನ ಎಚ್ಚರವನ್ನು ಇತರರೂ ಕಂಡಂತಾಗುವುದು. ಕೇಳಿದೊಡನೆ ಸಿಡುಕುವವನ ಮುಂದೆ ತೋಳು ಚಾಚದಿರುವುದೇ ಲೇಸು.

ಇನ್ನೂರು ವರ್ಷಗಳಿಗೂ ಹಿಂದೆ ಮೈಸೂರಿನ ರಾಣಿಯೊಬ್ಬರು ತೋಳನ್ನು ಚಾಚಿ ಜನರ ಭಯವನ್ನು ಹೋಗಲಾಡಿಸಿದರು. ಆಗ ಬೇಕಾಗಿದ್ದುದು ಧೈರ್ಯ. ಇಂದು ಚಾಚುವ ಪ್ರತಿಯೊಂದು ತೋಳಿಗೂ ಧೈರ್ಯದೊಡನೆ ವಿಚಾರವೂ, ಸೂಜಿ ಹಿಡಿದ ಪ್ರತಿಯೊಂದು ಕೈಗೂ ಕರುಣೆಯೊಡನೆ ಶುಚಿಯೂ ಜೊತೆಯಾಗಬೇಕು. ಮಠದ ನೆರಳಿನಲ್ಲಿ ನಡೆಯುವ ಚಿಕಿತ್ಸೆಗಳೆಲ್ಲವೂ ಈ ವಿಷಯದಲ್ಲಿ ನಾಡಿಗೆ ಮೇಲ್ಪಂಕ್ತಿಯಾಗಲಿ. ಅಲ್ಲಿಗೆ ನೋವನ್ನು ತಂದವರು ನೋವನ್ನು ಕಳೆದುಕೊಂಡು, ಹೊಸದೊಂದು ರೋಗವನ್ನು ಹೊರದೆ, ನೆಮ್ಮದಿಯಿಂದ ಮನೆಗೆ ಮರಳುವಂತಾಗಲಿ. ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲಿ.